ದಣಿಯ ಬಾಯಿ

“ಆ ಕತ್ತೆಗೆ ಹುಟ್ಟಿದೋನಿಗೆ ಹೇಳು, ಅವರಪ್ಪ ನಮ್ಮನೆ ಲಾಯದ ಲದ್ದಿ ಮೇಲೆ ಬಿದ್ದು ಹುಟ್ಟಿದೋನು ಅಂತ. ನೀರು ಬೇಕಂತೆ ನೀರು! ತನ್ನ ಉಚ್ಚೆ ತಾನೇ ಕುಡ್ಕೊಳ್ಳಲಿ.”

ಅಮಾರಿ ಫಾಲ್ ಇಷ್ಟನ್ನೂ ತುಟಿ ಅಲ್ಲಾಡದ ಹಾಗೆ ಹೇಳಿದ. ಅವನ ಕಣ್ಣು ಎದುರಿಗೆ ಮಂಡಿಯೂರಿ ಕೂತಿದ್ದ ಕೂಲಿ ದೆಂಬಾನ ಮೇಲಿರಲಿಲ್ಲ, ಅಂಗಳದಾಚೆಯ ಬೇವಿನ ಮರದ ಮೇಲಿತ್ತು. ಬೆರಳುಗಳ ನಡುವೆ ಜಪಮಣಿ ಒಂದೊಂದಾಗಿ ಜಾರುತ್ತಿತ್ತು. ನೋಡಿದವರು ದಣಿ ದೇವರ ಧ್ಯಾನದಲ್ಲಿದ್ದಾನೆ ಅಂದುಕೊಳ್ಳಬೇಕು, ಹಾಗಿತ್ತು ಆ ಮುಖ. ಅವನ ಕಾಲ ಬುಡದಲ್ಲಿ ಮರಳ ಮೇಲೆ ಕೂತಿದ್ದ ಮಾಪಾತೆಯ ಕಿವಿಗೆ ಬಿಟ್ಟರೆ ಆ ಮಾತು ಇನ್ನೊಂದು ನರಪಿಳ್ಳೆಗೂ ಕೇಳಿಸಲಿಲ್ಲ.

ಮಾಪಾತೆ ಎದ್ದ. ಕಂಕುಳಲ್ಲಿ ಅವುಚಿಕೊಂಡಿದ್ದ ಪುಟ್ಟ ಡೋಲಿಗೆ ಎರಡೇಟು ಹಾಕಿದ. ಎದೆಯುಬ್ಬಿಸಿ ಗಂಟಲು ಬಿಟ್ಟ ನೋಡಿ, ಬೇಲಿ ಮೇಲಿದ್ದ ಕೋಳಿಗಳೆಲ್ಲ ಕೆಳಗೆ ಹಾರಿದವು.

“ಕೇಳ್ರಪ್ಪೋ ಕೇಳಿ! ಬಿರಾಮನ ಮೊಮ್ಮಗ ಮಾತಾಡ್ತಾವ್ರೆ! ಸಿಂಹದ ಹೊಟ್ಟೇಲಿ ಹುಟ್ಟಿದ ಸಿಂಹ ಮಾತಾಡ್ತಾವ್ರೆ! ಮಗಾ ದೆಂಬಾ, ನಿಮ್ಮಪ್ಪ ಈ ಅಂಗಳದಾಗೇ ಕಣ್ಬಿಟ್ಟೋನು, ಈ ಮನೆ ಮಗ ಅಂತಾವ್ರೆ! ಈ ಮನೆ ನೀರು ನಿನ್ನ ನೀರೇ ಅಂತಾವ್ರೆ! ಆದ್ರೆ ಬಾವಿ ತಾಯಿ ಮುದುಕಿ ಆಗೌಳೆ, ಸುಸ್ತಾಗೌಳೆ, ಮಳೆ ಬರೋಗಂಟ ಅವ್ಳನ್ನ ಒಂದ್ನಿದ್ದೆ ಮಾಡಾಕೆ ಬುಡು ಅಂತಾವ್ರೆ! ಮಳೆ ಬಿದ್ದ ದಿನ ಮೊದ್ಲ ಕೊಡ ನಿಂದೇ ಅಂತಾವ್ರೆ!”

“ನಿಜ! ನಿಜ!” ಅಂದರು ಸುತ್ತ ಕೂತವರು. ದೆಂಬಾ ಕಣ್ಣೊರೆಸಿಕೊಂಡ. ಖಾಲಿ ಡಬ್ಬ ತಲೆ ಮೇಲಿಟ್ಟುಕೊಂಡು, ದಣಿಗೆ ದೇವರು ಆಯಸ್ಸು ಕೊಡಲಿ ಅನ್ನುತ್ತಾ ಹೋದ. ಹೆಂಡತಿ ಮಕ್ಕಳು ಬಾಯಾರಿ ಕೂತಿದ್ದರು, ಕೈಯಲ್ಲಿ ತೊಟ್ಟು ನೀರಿರಲಿಲ್ಲ, ಆದರೂ ಹರಸಿಕೊಂಡು ಹೋದ. ಮಾಪಾತೆಯ ಕಸುಬು ಅಂಥದ್ದು.

ಆ ಸೀಮೆಯಲ್ಲಿ ದೊಡ್ಡ ಮನೆತನದವರು ನಾಲ್ಕು ಜನರೆದುರು ದನಿ ಎತ್ತುವುದಿಲ್ಲ. ಕೂಗುವುದು ಕೀಳು ಕೆಲಸ, ಹೊಲಸು ಬಾಚಿದ ಹಾಗೆ. ದಣಿ ಪಿಸುಗುಟ್ಟಬೇಕು, ಗೆವೆಲ್ ಜಾತಿಯವನು ಅದನ್ನು ಎತ್ತಿ ಊರಿಗೆಲ್ಲ ಕೇಳಿಸಬೇಕು. ಕೂಗುವುದು, ಹೊಗಳುವುದು, ಡೋಲು ಬಡಿಯುವುದು, ಮದುವೆಗೆ ಕರೆಯುವುದು, ಸಾವು ಸಾರುವುದು, ಎಲ್ಲ ಗೆವೆಲರದೇ. ಗೆವೆಲ್ ಹೇಳಿದ್ದೆಂದರೆ ದಣಿ ಹೇಳಿದ್ದೆಂದೇ ಲೆಕ್ಕ. ಮತ್ತೆ ಇನ್ನೊಂದು ಕಟ್ಟಳೆ ಇತ್ತು: ದಣಿ ಕಿವಿಯಲ್ಲಿ ಹಾಕಿದ ಹಸಿ ಮಾತು ಗೆವೆಲನ ಕಿವಿಯಲ್ಲೇ ಸಾಯಬೇಕು. ಹೊರಗೆ ಬರುವುದು ಬೇಯಿಸಿದ್ದು ಮಾತ್ರ. ಮಾಪಾತೆಯ ಅಪ್ಪ ಅಮಾರಿಯ ಅಪ್ಪನ ಬಾಯಾಗಿದ್ದ. ಅಜ್ಜ ಬಿರಾಮನ ಬಾಯಾಗಿದ್ದ. ಊರಿನ ಹೆಸರೇ ಕೆರ್ ಬಿರಾಮ್, ಬಿರಾಮನ ಮನೆ ಅಂತ. ಬಾಯಿಗೆ ಊರಲ್ಲಿ ಹೆಸರಿಲ್ಲ, ಬಿಡಿ.

ಮಧ್ಯಾಹ್ನ ಮೀನನ್ನದ ದೊಡ್ಡ ಬೋಗುಣಿ ಬಂತು. ಫಾಲ್ ಮನೆಯವರೆಲ್ಲ ಸುತ್ತ ಕೂತು ಕೈಹಾಕಿದರು. ಮಾಪಾತೆಗೆ ಆಡಿನ ದೊಡ್ಡಿಯ ಹಿಂದೆ ತಗಡಿನ ತಟ್ಟೆ, ಅದರಲ್ಲಿ ತಳ ಹಿಡಿದ ಸೀಕಲು ಮತ್ತು ಮೀನಿನ ತಲೆ. ಬೆಳಗ್ಗೆಯಿಂದ ಕೂಗಿ ಕೂಗಿ ಗಂಟಲು ಹರಿದಿತ್ತು. ತಿನ್ನುವಾಗ ಸೀಕಲು ಗಂಟಲಿಗೆ ಸಿಕ್ಕಿಕೊಂಡಿತು. ಕೆಮ್ಮುತ್ತಾ ಎದ್ದು ಬಂದವನು ಜಗಲಿ ಮೇಲಿದ್ದ ಹೂಜಿಯಿಂದ ಒಂದು ಲೋಟ ಬಗ್ಗಿಸಿ ಕುಡಿದುಬಿಟ್ಟ. 

ಅಮಾರಿಯ ಅಣ್ಣನ ಮಗ ಲಾತಿರ್ ನೋಡಿದ. ಬಂದು ಹೂಜಿ ಎತ್ತಿ, ಅದರಲ್ಲಿದ್ದ ಅಷ್ಟೂ ನೀರನ್ನು ಮಾಪಾತೆಯ ಕಾಲ ಮೇಲೆ ಸುರಿದ.

“ಕುಡಿ. ಪೂರ್ತಿ ಕುಡಿ. ನೀನು ಬಾಯಿಟ್ಟಿದ್ದನ್ನ ನಮ್ಮನೆ ನಾಯಿನೂ ಮೂಸಲ್ಲ.”

“ತಪ್ಪಾಯ್ತು ಬುದ್ದಿ. ಗಂಟಲು ಕಟ್ಟಿತ್ತು.”

“ಗಂಟಲು ನಮ್ದು ಕಣಲೇ. ನಿನಗ್ಯಾಕೆ ಕಟ್ತದೆ?”

ಬೋಗುಣಿ ಸುತ್ತ ಕೂತವರು ನಕ್ಕರು. ಅಮಾರಿ ನಗಲಿಲ್ಲ. ನಗುವಾಗಲೂ ಸದ್ದು ಬಂದೀತಲ್ಲ. ಕೈ ತೊಳೆದುಕೊಂಡು, ಚಾಪೆ ಮೇಲೆ ಒರಗಿ, ಬೆರಳಲ್ಲಿ ಮಾಪಾತೆಯನ್ನು ಹತ್ತಿರ ಕರೆದ.

“ಗುರುವಾರ ಪಟ್ಟಣದಿಂದ ಸಾಹೇಬ್ರು ಬರ್ತಾರೆ. ಈರುಳ್ಳಿ ಕಂಪನಿಯೋನೂ ಬರ್ತಾನೆ. ರಸ್ತೆ ಪಕ್ಕದ ಆನೆಹುಣಸೆ ಮರದ ಜಾಗ ಕೊಡ್ತಾ ಇದೀನಿ. ಕಾನೂನಂತೆ, ಜಾಗದೋರು ಸಭೇಲಿ ಬಾಯ್ಬಿಟ್ಟು ಒಪ್ಪಿಗೆ ಹೇಳ್ಬೇಕಂತೆ. ನೀನು ಹೇಳ್ತೀಯ.”

ಮಾಪಾತೆಗೆ ಕಾಲ ಮೇಲಿನ ನೀರು ಒಮ್ಮೆಲೇ ತಣ್ಣಗೆ ಕೊರೆಯಿತು.

“ಏನಂತ ಹೇಳ್ಲಿ ಬುದ್ದಿ?”

“ಗೆವೆಲರು ತಾವಾಗೇ ಬಿಟ್ಕೊಟ್ಟವ್ರೆ ಅಂತ. ಖುಷಿಯಾಗಿ.”

“ಬುದ್ದಿ, ಅಲ್ಲಿ ನಮ್ಮೋರು ಮಲಗವ್ರೆ.”

“ಎದ್ದು ಬಂದು ತಕರಾರು ಮಾಡ್ತಾರಾ?”

ಆ ಜಾಗದ ಸಂಗತಿ ಇಷ್ಟು. ಹಿಂದೆ ಗೆವೆಲರ ಹೆಣವನ್ನು ಮಣ್ಣಿಗೆ ಹಾಕಲು ಬಿಡುತ್ತಿರಲಿಲ್ಲ. ಕೂಗುವ ಜಾತಿಯ ಹೆಣ ನೆಲಕ್ಕಿಳಿದರೆ ಮಳೆ ಓಡಿಹೋಗುತ್ತದೆ, ಕಡಲೆಕಾಯಿ ಒಣಗುತ್ತದೆ ಅಂತ. ರಸ್ತೆ ಪಕ್ಕದ ಆನೆಹುಣಸೆ ಮರದ ಪೊಟರೆಯೊಳಗೆ ನಿಲ್ಲಿಸಿ ಬರುತ್ತಿದ್ದರು, ಗೂಬೆ, ಹಾವುಗಳ ಜೊತೆಗೆ. ಮಾಪಾತೆಯ ಅಜ್ಜ ಆ ಮರದೊಳಗಿದ್ದಾನೆ. ಆಮೇಲೆ ಸರ್ಕಾರ ಅದನ್ನು ನಿಲ್ಲಿಸಿದ ಮೇಲೆ, ಊರ ಸ್ಮಶಾನಕ್ಕೆ ಸೇರಿಸದೆ, ಮರದ ಬುಡದಲ್ಲೇ ಒಂದು ಪಟ್ಟಿ ಮರಳು ತೋರಿಸಿದರು. ಅಪ್ಪ ಅಲ್ಲಿ. ಅವ್ವ ಅಲ್ಲಿ. ಹಾಲುಹಲ್ಲು ಬೀಳುವ ವಯಸ್ಸಿಗೆ ಜ್ವರ ಬಂದು ಸತ್ತ ಮಗಳು ಸೀರಾ ಅಲ್ಲಿ. ಜಗತ್ತಿನಲ್ಲಿ ಗೆವೆಲರದು ಅಂತ ಇದ್ದದ್ದು ಆ ಮರದ ನೆರಳಿನಷ್ಟು ಜಾಗ.

“ನಮ್ಮ ಸೀರಾ ಐತೆ ಅಲ್ಲಿ ಬುದ್ದಿ,” ಅಂದ ಮಾಪಾತೆ.

“ಯಾವ ಸೀರಾ?”

ಸೀರಾ ಸತ್ತ ದಿನ ಅಮಾರಿಯ ದೊಡ್ಡ ಮಗನ ಮದುವೆ. ಮಣ್ಣು ಹಾಕಿ ಬಂದ ಕೈಯಲ್ಲೇ ಡೋಲು ಹಿಡಿದು ಮಾಪಾತೆ ಇದೇ ಅಂಗಳದಲ್ಲಿ ಹಗಲೆಲ್ಲ ಫಾಲ್ ವಂಶ ಹೊಗಳಿದ್ದ. ಉಗುರಿನಲ್ಲಿ ಮರಳು ಹಾಗೇ ಇತ್ತು. ಯಾವ ಸೀರಾ ಅಂತೆ.

ಮಾಪಾತೆ ಮಂಡಿಯೂರಿದ. ದಣಿಯ ಪಾದ ಹಿಡಿದ. ಅಮಾರಿ ಪಾದ ಎಳೆದುಕೊಂಡು, ಅದೇ ಮೆಲುದನಿಯಲ್ಲಿ, ಮುಖ ಗಂಟಿಕ್ಕದೆ ಹೇಳಿದ:

“ಬದುಕಿದ್ದಾಗ ನಮ್ಮ ಅನ್ನ ತಿಂದ್ಕೊಂಡು ಬಿದ್ದಿದ್ದೋವು. ಸತ್ತ ಮೇಲಾದ್ರೂ ಈರುಳ್ಳಿಗೆ ಗೊಬ್ಬರ ಆಗ್ಲಿ. ಹೋಗು, ಗಂಟಲಿಗೆ ಜೇನುತುಪ್ಪ ಸವರ್ಕೋ. ಗುರುವಾರ ಚೆನ್ನಾಗಿ ಬರ್ಬೇಕು ದನಿ.”

*

ಪೆಂದಾ ಸಜ್ಜೆ ಕುಟ್ಟುತ್ತಿದ್ದಳು. ಗಂಡ ಹೇಳಿದ್ದನ್ನು ಕೇಳುತ್ತಾ ಕುಟ್ಟಿದಳು, ಕೇಳಿ ಮುಗಿದ ಮೇಲೂ ಕುಟ್ಟಿದಳು. ಒರಳಲ್ಲಿದ್ದದ್ದು ಹಿಟ್ಟಾಗಿ, ಹಿಟ್ಟು ಧೂಳಾಗಿ ಮೇಲೆದ್ದರೂ ನಿಲ್ಲಿಸಲಿಲ್ಲ. ಕೊನೆಗೆ ಒನಕೆಯನ್ನು ಗಂಡನ ಕಾಲ ಬಳಿ ಎಸೆದಳು.

“ನೀನೇನಂದೆ?”

“ಏನನ್ಲಿ? ಪಾದ ಹಿಡ್ಕೊಂಡೆ.”

“ಪಾದ ಹಿಡ್ಕೊಂಡನಂತೆ! ಕಚ್ಚಬಾರದಿತ್ತಾ? ಹಲ್ಲಿರ್ನಿಲ್ವಾ?”

“ನಾನು ಹೇಳ್ದೆ ಹೋದ್ರೆ ಪಕ್ಕದೂರಿಂದ ಇನ್ನೊಬ್ಬ ಗೆವೆಲನ್ನ ತರ್ತಾನೆ ಕಣೆ. ಅವ್ನು ಹೇಳ್ತಾನೆ. ಜಾಗ ಹೆಂಗೂ ಹೋಯ್ತದೆ.”

“ಹೋಗ್ಲಿ! ಯಾವನೋ ಹಾದರಗಿತ್ತಿ ಮಗ ಬಂದು ಹೇಳ್ಲಿ! ನನ್ನ ಕೂಸಿನ ಮೇಲೆ ಈರುಳ್ಳಿ ನೆಡ್ರಪ್ಪೋ ಅಂತ ಅದ್ರಪ್ಪನೇ ಡೋಲು ಬಡ್ಕೊಂಡು ಸಾರ್ಬೇಕಾ?”

ಮಾಪಾತೆ ಒನಕೆ ಎತ್ತಿ ಗೋಡೆಗೆ ಒರಗಿಸಿದ.

“ಮಾತಾಡು,” ಅಂದಳು ಪೆಂದಾ. “ಅವ್ನು ಉಗುಳಿದ್ದನ್ನೆಲ್ಲ ಬಂದು ನನ್ನತ್ರ ಹೇಳ್ತೀಯಲ್ಲ, ಇಬ್ರೂ ಬಿದ್ದು ಬಿದ್ದು ನಗ್ತೀವಲ್ಲ. ದೆಂಬಾಗೆ ಉಚ್ಚೆ ಕುಡಿ ಅಂದ್ನಂತೆ, ನೀನು ಬಾವಿ ತಾಯಿ ನಿದ್ದೆ ಮಾಡ್ತೌಳೆ ಅಂದ್ಯಂತೆ. ಎಲ್ಲಿಂದ ತಂದೆ ಆ ತಾಯೀನ? ನಿನ್ನ ಹೊಟ್ಟೆಯಿಂದ ತಾನೆ? ಅವ್ನ ಬಾಯಾಗೆ ಒಂದು ಒಳ್ಳೆ ಮಾತೈತೇನ್ಲಾ? ಅವ್ನ ಹೇಲಿಗೆಲ್ಲ ಸಕ್ರೆ ಹಾಕ್ದೋನು ನೀನು, ನಿಮ್ಮಪ್ಪ, ನಿಮ್ಮಜ್ಜ. ಊರೋರು ಸಕ್ರೆ ನೆಕ್ಕಿ ಅವ್ನಿಗೆ ಕೈ ಮುಗೀತಾವ್ರೆ!”

ಮಾಪಾತೆ ಎದ್ದು ಹೊರಗೆ ಹೋದ. ಸಂಜೆ ಊಟಕ್ಕೆ ಬಂದಾಗ ಪೆಂದಾ ಜೇನುತುಪ್ಪದ ಸೀಸೆ ಮುಂದಿಟ್ಟಳು, ಕೊಂಕಿಗೆ. ಅವನು ಅದನ್ನು ಪಕ್ಕಕ್ಕೆ ಸರಿಸಿ, ಬರೀ ಸಜ್ಜೆ ತಿಂದು ಮಲಗಿದ.

*

ಗುರುವಾರ ಊರ ನಡುವಿನ ದೊಡ್ಡ ಬೇವಿನ ಕೆಳಗೆ ಜನ ಜಮಾಯಿಸಿದರು. ಚಾಪೆ ಮೇಲೆ ಹೆಂಗಸರು, ಮರದ ಬೇರಿನ ಮೇಲೆ ಮುದುಕರು, ಬಿಸಿಲಲ್ಲಿ ಕೂಲಿಗಳು, ಅವರ ಹಿಂದೆ ಗೆವೆಲರು. ಬಣ್ಣದ ಟೋಪಿಯ ಸಾಹೇಬ ಒಂದು ಕುರ್ಚಿಯಲ್ಲಿ, ಕೋಟು ತೊಟ್ಟು ಬೆವರಿಳಿಸುತ್ತಿದ್ದ ಕಂಪನಿಯವನು ಇನ್ನೊಂದರಲ್ಲಿ. ನಡುವಿನ ಎತ್ತರದ ಕುರ್ಚಿಯಲ್ಲಿ ಅಮಾರಿ ಫಾಲ್. ಗಂಜಿ ಹಾಕಿದ ಬಿಳಿ ನಿಲುವಂಗಿ ಎಷ್ಟು ಗರಿಗರಿಯಾಗಿತ್ತೆಂದರೆ ಅವನು ಉಸಿರಾಡಿದರೆ ಅದು ಸದ್ದು ಮಾಡುತ್ತಿತ್ತು, ಅವನಲ್ಲ.

ಕಂಪನಿಯವನು ಮೈಕು ತಂದಿದ್ದ. ಮಾಪಾತೆಯ ಮುಂದೆ ಹಿಡಿದ.

“ಅದನ್ನ ನೀವಿಟ್ಕೊಳ್ಳಿ ಸ್ವಾಮಿ,” ಅಂದ ಮಾಪಾತೆ. “ನಂಗೆ ಬ್ಯಾಟರಿ ಬ್ಯಾಡ.” ಜನ ನಕ್ಕರು. ಅಮಾರಿಗೂ ಹೆಮ್ಮೆಯಾಯಿತು ಅಂತ ಕಾಣುತ್ತದೆ, ಜಪಮಣಿ ಒಂದು ಗಳಿಗೆ ನಿಂತಿತು.

ಆಮೇಲೆ ಅವನು ಮರದ ಕಡೆ ನೋಡುತ್ತಾ ಪಿಸುಗುಟ್ಟಿದ: “ಆ ಟೋಪಿ ಕಳ್ಳನಿಗೆ ಸ್ವಾಗತ ಹೇಳು. ಹೋದ ಹಬ್ಬಕ್ಕೆ ಕಳಿಸಿದ ಟಗರು ಸಾಲ್ದು ಅಂತ ಮತ್ತೆ ವಕ್ಕರಿಸವ್ನೆ.”

ಮಾಪಾತೆ ಎದ್ದ. ಡೋಲಿಗೆ ಎರಡೇಟು.

“ಕೇಳ್ರಪ್ಪೋ ಕೇಳಿ! ಬಿರಾಮನ ಮೊಮ್ಮಗ ಮಾತಾಡ್ತಾವ್ರೆ! ಸಿಂಹದ ಹೊಟ್ಟೇಲಿ ಹುಟ್ಟಿದ ಸಿಂಹ ಮಾತಾಡ್ತಾವ್ರೆ!”

“ನಿಜ! ನಿಜ!”

“ಆ ಟೋಪಿ ಕಳ್ಳನಿಗೆ ಸ್ವಾಗತ ಅಂತಾವ್ರೆ! ಹೋದ ಹಬ್ಬಕ್ಕೆ ಕಳಿಸಿದ ಟಗರು ಸಾಲ್ದು ಅಂತ ಮತ್ತೆ ವಕ್ಕರಿಸವ್ನೆ ಅಂತಾವ್ರೆ!”

“ನಿಜ! ನಿಜ!” ಅಂದರು ಜನ. ಅಭ್ಯಾಸ ನೋಡಿ. ಕಿವಿಗೆ ಬಿದ್ದದ್ದು ತಲೆಗೆ ಹೋಗುವ ಮೊದಲೇ ಬಾಯಿ ನಿಜ ಅಂದಿತ್ತು. ಆಮೇಲೆ ಒಬ್ಬರ ಮುಖ ಒಬ್ಬರು ನೋಡಿದರು. ಸಾಹೇಬ ಟೋಪಿ ಮುಟ್ಟಿ ನೋಡಿಕೊಂಡ.

ಅಮಾರಿಯ ಮುಖ ಅಲ್ಲಾಡಲಿಲ್ಲ. ಹಲ್ಲಿನ ಸಂದಿಯಿಂದ ಮಾತು ಬಂತು: “ಏನ್ಲಾ ಬೊಗಳ್ತಾ ಇದೀಯ ನಾಯಿ? ತಲೆ ಕೆಟ್ಟಿದೆಯಾ?”

“ಏನ್ಲಾ ಬೊಗಳ್ತಾ ಇದೀಯ ನಾಯಿ ಅಂತಾವ್ರೆ! ತಲೆ ಕೆಟ್ಟಿದೆಯಾ ಅಂತಾವ್ರೆ! ಸಿಂಹದ ಮರಿ ಮಾತಾಡ್ತಾವ್ರೆ!”

ಹಿಂದೆ ಬಿಸಿಲಲ್ಲಿ ಕೂತ ಕೂಲಿಗಳಲ್ಲಿ ಯಾರೋ ಕಿಸಕ್ಕನೆ ನಕ್ಕರು.

“ಬಾಯ್ಮುಚ್ಚು ಸೂಳೆಮಗನೆ,” ಪಿಸುಗುಟ್ಟಿದ ಅಮಾರಿ. “ಚರ್ಮ ಸುಲಿಸ್ತೀನಿ.”

“ಬಾಯ್ಮುಚ್ಚು ಸೂಳೆಮಗನೆ ಅಂತಾವ್ರೆ! ಚರ್ಮ ಸುಲಿಸ್ತೀನಿ ಅಂತಾವ್ರೆ! ಯಾರ ಚರ್ಮಾನೋ ಇನ್ನೂ ಹೇಳಿಲ್ಲ, ಕಾಯ್ರಪ್ಪೋ, ಎಲ್ರೂ ಕಾಯ್ರಿ!”

ಈಗ ನಗೆ ಒಂದು ಕಡೆಯಿಂದ ಇನ್ನೊಂದು ಕಡೆಗೆ ಓಡಿತು. ಮುದುಕರು ಮುಖ ತಗ್ಗಿಸಿ ಗಡ್ಡದೊಳಗೆ ನಕ್ಕರು. ಪೆಂದಾ ನಗಲಿಲ್ಲ. ಗಂಡನ ಬಾಯನ್ನೇ ನೋಡುತ್ತಿದ್ದಳು.

ಅಮಾರಿ ಸಿಕ್ಕಿಹಾಕಿಕೊಂಡಿದ್ದ. ಪಿಸುಗುಟ್ಟಿದರೆ ಅದು ಊರಿಗೆಲ್ಲ ಹೋಗುತ್ತದೆ. ಸುಳ್ಳು ಅನ್ನಬೇಕಾದರೆ ತಾನೇ ಕೂಗಬೇಕು, ಕೂಗಿದರೆ ತಾನೂ ಗೆವೆಲನಾದ ಹಾಗೆ. ಅವನು ತುಟಿ ಬಿಗಿದುಕೊಂಡ. ಜಪಮಣಿಯ ದಾರ ಕೈಯಲ್ಲಿ ತುಂಡಾಗಿ ಮಣಿಗಳು ಮರಳಿಗೆ ಉದುರಿದವು. ಯಾರೂ ಆರಿಸಿಕೊಡಲು ಬಗ್ಗಲಿಲ್ಲ.

“ದಣೇರು ಸುಮ್ಕಾದ್ರು,” ಅಂದ ಮಾಪಾತೆ. ಡೋಲು ಈಗ ನಿಧಾನಕ್ಕೆ ನುಡಿಯುತ್ತಿತ್ತು. “ಪರ್ವಾಗಿಲ್ಲ, ಹಳೇವು ಉಳ್ಕೊಂಡವೆ. ದೆಂಬಾ! ಎಲ್ಲಿದ್ದೀಯ? ಎದ್ನಿಂತ್ಕೋ! ಅವತ್ತು ನೀರು ಕೇಳಾಕೆ ಬಂದ್ಯಲ್ಲ, ದಣೇರು ಏನಂದ್ರು ಗೊತ್ತಾ? ತನ್ನ ಉಚ್ಚೆ ತಾನೇ ಕುಡ್ಕೊಳ್ಳಲಿ ಅಂದ್ರು. ಬಾವಿ ತಾಯಿ ಅಂತ ಹೇಳ್ದೋನು ನಾನು. ಅವ್ರ ಮನೇಲಿ ಯಾವ ತಾಯೀನೂ ಇಲ್ಲ!”

ದೆಂಬಾ ಎದ್ದು ನಿಂತಿದ್ದ. ಅವನ ಮುಖದಲ್ಲಿ ನಗುವಿರಲಿಲ್ಲ.

“ನಮ್ಮಪ್ಪನ್ನ ಏನಂದ್ರು?” ಅಂದ.

“ಲಾಯದ ಲದ್ದಿ ಮೇಲೆ ಹುಟ್ಟಿದೋನು ಅಂದ್ರು.”

ದೆಂಬಾ ತಲೆಯಾಡಿಸಿದ. ಲೆಕ್ಕ ಸರಿಹೋಯಿತು ಅನ್ನುವ ಹಾಗೆ ನಿಧಾನಕ್ಕೆ ಆಡಿಸಿದ. ಕೂಲಿಗಳು ಒಬ್ಬೊಬ್ಬರಾಗಿ ಎದ್ದು ಅವನ ಪಕ್ಕಕ್ಕೆ ಬಂದರು.

“ಈಗ ಜಾಗದ ಮಾತು, ಸಾಹೇಬ್ರೆ!” ಮಾಪಾತೆ ಅಧಿಕಾರಿಯ ಕಡೆ ತಿರುಗಿದ. “ಆನೆಹುಣಸೆ ಬುಡದಾಗೆ ಮಲಗಿರೋ ಗೆವೆಲರು ಬದುಕಿದ್ದಾಗ ಅನ್ನ ತಿಂದ್ಕೊಂಡು ಬಿದ್ದಿದ್ದೋವು, ಸತ್ತ ಮೇಲಾದ್ರೂ ಈರುಳ್ಳಿಗೆ ಗೊಬ್ಬರ ಆಗ್ಲಿ ಅಂತಾವ್ರೆ ದಣೇರು! ಗೆವೆಲರು ಖುಷಿಯಾಗಿ ಒಪ್ಪಿದ್ರು ಅಂತ ಹೇಳು ಅಂತಾವ್ರೆ! ನಮ್ಮವ್ವ ಒಪ್ಪಿಲ್ಲ! ನಮ್ಮಪ್ಪ ಒಪ್ಪಿಲ್ಲ! ನಮ್ಮ ಸೀ—”

ಲಾತಿರ್ ಎದ್ದು ಬಂದವನು ಒಂದು ಮುಕ್ಕಾಲಿ ಎತ್ತಿ ಅವನ ಬಾಯಿಗೇ ಹೊಡೆದ. ಬೇರೆ ಕಡೆ ಹೊಡೆಯಬಹುದಿತ್ತು. ಬಾಯಿಗೇ ಹೊಡೆದ. ಮಾಪಾತೆ ಕೆಳಗೆ ಬಿದ್ದ, ರಕ್ತದ ಜೊತೆ ಎರಡು ಹಲ್ಲು ಮರಳಿಗೆ ಬಿದ್ದವು. ಪೆಂದಾ ಲಾತಿರನ ಬೆನ್ನಿಗೆ ಹಾರಿ ಕಿವಿ ಕಚ್ಚಿದಳು. ಹೆಂಗಸರು ಕಿರುಚಿದರು, ಕೂಲಿಗಳು ನುಗ್ಗಿದರು. ಸಾಹೇಬ “ಸಭೆ ಮುಂದಕ್ಕೆ! ಸಭೆ ಮುಂದಕ್ಕೆ!” ಅನ್ನುತ್ತಾ ಟೋಪಿ ಹಿಡಿದುಕೊಂಡು ಕಾರಿನ ಕಡೆ ಓಡಿದ. ಕಂಪನಿಯವನು ಅವನಿಗಿಂತ ಮೊದಲೇ ಒಳಗೆ ಕೂತಿದ್ದ.

ಅಷ್ಟಾದರೂ ಅಮಾರಿ ಫಾಲ್ ದನಿ ಎತ್ತಲಿಲ್ಲ. ಎದ್ದು, ನಿಲುವಂಗಿಯ ನೆರಿಗೆ ಸರಿಮಾಡಿಕೊಂಡು, ಜನರ ನಡುವೆ ನಡೆದು ಮನೆ ಸೇರಿದ. ಅದನ್ನು ಒಪ್ಪಲೇಬೇಕು, ಮುದುಕ ಗಟ್ಟಿ.

*

ಗಟ್ಟಿತನ ಆಮೇಲೆ ಕಾಣಿಸಿತು. ಗೆವೆಲರ ಆಡುಗಳು ಹೊಲದಲ್ಲಿ ಸತ್ತು ಬಿದ್ದಿದ್ದವು. ಡೋಲಿನ ಚರ್ಮವನ್ನು ಯಾರೋ ಚೂರಿಯಲ್ಲಿ ಅಡ್ಡಡ್ಡ ಕೊಯ್ದರು. ಕೊಯ್ಲಿನ ಕೆಲಸಕ್ಕೆ ಗೆವೆಲರೂ ಬೇಡ, ದೆಂಬಾನ ಕಡೆಯವರೂ ಬೇಡ ಅಂತಾಯಿತು. ಲಾತಿರ್ ಬೇಲಿಯ ಹೊರಗೆ ನಿಂತು, ಕಚ್ಚಿದ ಕಿವಿಗೆ ಬಟ್ಟೆ ಸುತ್ತಿಕೊಂಡು, ಒಂದು ಮಾತು ಹೇಳಿ ಹೋದ: “ಒಪ್ಪಿಗೆ ಇನ್ನೊಂದು ಸಭೇಲಿ ತಗೋತಾರೆ. ಬೇರೆ ಊರಿಂದ ಬಾಯಿ ತರ್ತೀವಿ. ನಮ್ಮನೇಲಿ ಮಗು ಹುಟ್ಟಿದೆ. ನಾಮಕರಣ ಒಂದು ಮುಗೀಲಿ, ಮಾರನೇ ದಿನ ಟ್ರಾಕ್ಟರ್ ಬರ್ತದೆ. ಮೂಳೆ ಆರಿಸ್ಕೊಳ್ಳೋ ಹಾಗಿದ್ರೆ ಬುಟ್ಟಿ ತನ್ನಿ.”

ಅಮಾರಿಯ ದೊಡ್ಡ ಮಗನಿಗೆ ತುಂಬ ವರ್ಷದ ಮೇಲೆ ಹುಟ್ಟಿದ ಗಂಡು ಕೂಸು. ಫಾಲ್ ಮನೆಗೆ ಅದೊಂದೇ ಮೊಮ್ಮಗ.

ಮಾಪಾತೆಯ ಮುಖ ಬಾತು ಕುಂಬಳಕಾಯಿಯಾಗಿತ್ತು. ಗಂಜಿಯನ್ನೂ ಸೋಸಿ ಕುಡಿಯಬೇಕು. ಲಾತಿರ್ ಹೋದ ಮೇಲೆ ಅವನು ಪೆಂದಾಳನ್ನು ಹತ್ತಿರ ಕರೆದು, ಕಿವಿಯಲ್ಲಿ ಏನೋ ಹೇಳಿದ. ಬಾಯಿ ತೆರೆಯಲಾಗುತ್ತಿರಲಿಲ್ಲ, ಪಿಸುಗುಟ್ಟುವುದೇ ಆಯಿತು. ಪೆಂದಾ ಕೇಳಿದಳು, ತಲೆಗೆ ಬಟ್ಟೆ ಬಿಗಿದಳು, ಹೊರಟಳು.

ಪಕ್ಕದೂರಿನ ಗೆವೆಲರು ಮೊದಲು ಅವಳನ್ನು ಬೈದರು.

“ನಿನ್ನ ಗಂಡ ಕಿವಿ ಕಟ್ಟಳೆ ಮುರ್ದ,” ಅಂದ ಅಲ್ಲಿನ ಹಿರಿಯ. “ಇನ್ಮ್ಯಾಕೆ ಯಾವ ದಣಿ ನಮ್ಮನ್ನ ನಂಬಿ ಕಿವೀಲಿ ಹೇಳ್ತಾನೆ? ನಮ್ಮ ಹೊಟ್ಟೆಗೂ ಕಲ್ಲು ಹಾಕ್ದ!”

“ಹಾಕ್ದ,” ಅಂದಳು ಪೆಂದಾ. “ನಿಮ್ಮೂರ ಗೆವೆಲರ ಸ್ಮಶಾನ ಎಲ್ಲೈತೆ?”

“ರಸ್ತೆ ಪಕ್ಕ.”

“ಕಂಪನಿಯೋನು ಕಾರಲ್ಲಿ ಹೋಗ್ತಾ ಕಿಟಕಿ ಇಳ್ಸಿ ನೋಡ್ದ ಅದನ್ನ. ನಾನೇ ಕಂಡೆ.”

ಅವಳು ಕಂಡಿರಲಿಲ್ಲ. ಹಿರಿಯ ಗಡ್ಡ ಕೆರೆದುಕೊಂಡ. ಹಟ್ಟಿಯೊಳಗಿಂದ ಅವನ ತಾಯಿ, ಹಲ್ಲಿಲ್ಲದ ಮುದುಕಿ, ಕೂಗಿದಳು: “ಬೇವಾರ್ಸಿ ನನ್ಮಗನೆ, ಇನ್ನೇನ್ ಯೋಚ್ನೆ ಮಾಡ್ತೀಯಲಾ? ನಾಳೆ ಸಾಯೋಳು ನಾನು! ನನ್ನ ಎಲ್ಲಿ ಹಾಕ್ತೀಯ, ಈರುಳ್ಳಿ ಚೀಲದಾಗಾ?”

ಹಾಗೆ ಪೆಂದಾ ಊರಿಂದೂರಿಗೆ ನಡೆದಳು. ಕಾಲಲ್ಲಿ ಬೊಬ್ಬೆ ಎದ್ದು ವಾಪಸು ಬರುವ ಹೊತ್ತಿಗೆ ಸುತ್ತಲ ಯಾವ ಗೆವೆಲನ ಮನೆಯಲ್ಲೂ ಫಾಲ್ ಮನೆಗೆ ಬಾಯಿ ಇರಲಿಲ್ಲ.

*

ನಾಮಕರಣದ ಬೆಳಗ್ಗೆ ಕೆರ್ ಬಿರಾಮಿಗೆ ಕಾರುಗಳು ಬಂದವು. ರಾಜಧಾನಿಯಿಂದ ನೆಂಟರು, ಬೀಗರು, ಹೊಳೆಯುವ ಬಟ್ಟೆಗಳು. ಟಗರು ಕಡಿದರು. ಮೊಸರು ಹಾಕಿದ ಸಜ್ಜೆ ಗಂಜಿ ದೊಡ್ಡ ದೊಡ್ಡ ಬೋಗುಣಿಗಳಲ್ಲಿ ಕಾದಿತ್ತು. ಕೂಸಿನ ತಲೆ ಬೋಳಿಸಿದರು. ಇಮಾಮರು ಕೂಸನ್ನು ಮಡಿಲಿಗೆ ತೆಗೆದುಕೊಂಡು, ಬಗ್ಗಿ, ಅದರ ಕಿವಿಯಲ್ಲಿ ಹೆಸರು ಪಿಸುಗುಟ್ಟಿದರು. ಆಮೇಲೆ ತಲೆಯೆತ್ತಿ ನೋಡಿದರು.

ಅಲ್ಲಿ ಗೆವೆಲ್ ಎದ್ದು ಹೆಸರನ್ನು ಕೂಗಬೇಕು. ವಂಶದವರ ಹೆಸರೆಲ್ಲ ಹೇಳಿ ಅದರ ತುದಿಗೆ ಈ ಹೊಸ ಹೆಸರು ಕಟ್ಟಬೇಕು. ಆಗ ಕೂಸು ಊರಿಗೆ ಸೇರಿದ ಹಾಗೆ. ಕೂಗುವವರೆಗೆ ಆ ಹೆಸರು ಇಮಾಮರಿಗೆ, ದೇವರಿಗೆ ಮತ್ತು ಏನೂ ತಿಳಿಯದ ಕೂಸಿಗೆ ಮಾತ್ರ ಗೊತ್ತು.

ಇಮಾಮರು ಕಾದರು. ನೆಂಟರು ಕಾದರು. ಗಂಜಿಯ ಮೇಲೆ ಕೆನೆ ಕಟ್ಟಿ ನೊಣ ಕೂತವು.

“ಗೆವೆಲ್ ಎಲ್ಲಿ?” ಅಂದರು ಬೀಗರು.

ಲಾತಿರ್ ಬೆವರುತ್ತಾ ಹೊರಗೆ ಓಡಿದ. ಪಟ್ಟಣದಿಂದ ಗೊತ್ತುಮಾಡಿದ್ದ ಒಬ್ಬ ಗೆವೆಲ್ ಬಾಡಿಗೆ ಕಾರಿನಲ್ಲಿ ಬಂದಿದ್ದ ನಿಜ. ಆದರೆ ಊರ ಬಾಗಿಲಲ್ಲಿ ಪೆಂದಾ, ಆ ಹಲ್ಲಿಲ್ಲದ ಮುದುಕಿ ಮತ್ತು ನಾಕಾರು ಊರಿನ ಗೆವೆಲ್ ಹೆಂಗಸರು ರಸ್ತೆಗೆ ಅಡ್ಡಲಾಗಿ ಒರಳು ಇಟ್ಟುಕೊಂಡು ಸಜ್ಜೆ ಕುಟ್ಟುತ್ತಿದ್ದರು. ಅವನ ಅಪ್ಪನ ಹೆಸರು ಅವರಿಗೆ ಗೊತ್ತಿತ್ತು, ಅಜ್ಜನನ್ನು ಯಾವ ಮರದೊಳಗೆ ನಿಲ್ಲಿಸಿದ್ದರು ಅನ್ನುವುದೂ ಗೊತ್ತಿತ್ತು. ಅದನ್ನೇ ಹಾಡಿದರು. ಅವನು ಕಾರಿಂದ ಇಳಿಯಲೇ ಇಲ್ಲ.

“ನಾನೇ ಕೂಗ್ತೀನಿ ಬಿಡಿ, ಅದ್ರಲ್ಲೇನಿದೆ?” ಅಂದ ಕೂಸಿನ ಅಪ್ಪ. ಅವನ ಮಾವ ಎದ್ದು ನಿಂತ. “ನನ್ನ ಮಗಳನ್ನ ಫಾಲ್ ಮನೆಗೆ ಕೊಟ್ಟೆ. ಗೆವೆಲರ ಮನೆಗಲ್ಲ,” ಅಂದ, ಮೆಲ್ಲಗೆ, ಚಪ್ಪಲಿ ಹುಡುಕುತ್ತಾ. ಅವನ ಕಡೆಯವರೂ ಚಪ್ಪಲಿ ಹುಡುಕಿದರು. ಒಳಗೆ ಬಾಣಂತಿ ಅಳುವುದು ಹೊರಗೆ ಕೇಳಿಸಿತು.

ಆಗ ಅಮಾರಿ ಫಾಲ್ ಎದ್ದ.

ಸುಡುಬಿಸಿಲು. ಬರಿಯ ಮರಳು. ಬಿಳಿ ನಿಲುವಂಗಿಯ ಮುದುಕ ಊರು ದಾಟಿ ಗೆವೆಲರ ಹಟ್ಟಿಯ ಕಡೆ ನಡೆಯುತ್ತಿದ್ದರೆ, ಹಿಂದೆ ಒಂದಷ್ಟು ದೂರದಲ್ಲಿ ನೆಂಟರು, ಅವರ ಹಿಂದೆ ಇಮಾಮರು, ಪಕ್ಕದ ಹೊಲಗಳಿಂದ ಕೂಲಿಗಳು. ಅವನ ಕಾಲು ಆ ಹಟ್ಟಿಯ ಮರಳನ್ನು ಹಿಂದೆಂದೂ ತುಳಿದಿರಲಿಲ್ಲ.

ಮಾಪಾತೆ ಬೇಲಿಯೊಳಗೆ ಚಾಪೆ ಮೇಲೆ ಕೂತಿದ್ದ. ಬಾವು ಇಳಿದಿತ್ತು, ಮುಂದಿನ ಹಲ್ಲಿನ ಜಾಗ ಖಾಲಿ ಕಾಣುತ್ತಿತ್ತು. ಅವನು ಏಳಲಿಲ್ಲ. ದಣಿ ನಿಂತಿರುವಾಗ ತಾನು ಕೂತಿರುವುದು ಇದೇ ಮೊದಲು. ಏಳು ಏಳು ಅಂತ ಮೊಣಕಾಲು ತಾನಾಗೇ ಎಳೆಯಿತು. ಅವನು ಎರಡೂ ಕೈಯಿಂದ ಮೊಣಕಾಲನ್ನು ಒತ್ತಿ ಹಿಡಿದುಕೊಂಡು ಕೂತ.

ಅಮಾರಿ ಬೇಲಿಯ ಬಳಿ ಬಂದು, ಬೇರೆ ಕಡೆ ನೋಡುತ್ತಾ, ತುಟಿ ಅಲ್ಲಾಡದ ಹಾಗೆ ಏನೋ ಅಂದ.

“ಕೇಳಿಸ್ತಿಲ್ಲ ಬುದ್ದಿ,” ಅಂದ ಮಾಪಾತೆ. ಹಲ್ಲಿಲ್ಲದ್ದರಿಂದ ಮಾತಿನ ಜೊತೆ ಗಾಳಿ ಬಂತು.

ಅಮಾರಿ ಬೇಲಿಯ ಕಡ್ಡಿ ಹಿಡಿದು ಒಳಗೆ ಬಗ್ಗಿದ. “ಜಾಗ ಬಿಟ್ಟೆ. ನಿಮ್ಮದೇ ಇಟ್ಕೊಳ್ಳಿ. ಬಂದು ಕೂಗು. ಮಗು ಹೆಸರು ಕೂಗು ಬಾ.”

“ಈಗ ಕೇಳಿಸ್ತು.” ಮಾಪಾತೆ ಗದ್ದ ಎತ್ತಿ ಹಿಂದೆ ನಿಂತ ಜನರನ್ನು ತೋರಿಸಿದ. “ಅವ್ರಿಗೆ ಕೇಳಿಸ್ನಿಲ್ಲ.”

“ನೀನು ಹೇಳು ಅವರಿಗೆ.”

“ನಾನು ಹೇಳಾಕಿಲ್ಲ ಬುದ್ದಿ. ನಾನು ಹೇಳಿದ್ರೆ ನಾಳೆ ನೀವು ಇನ್ನೊಂದು ಬಾಯಿ ತಂದು ಬೇರೆ ಹೇಳಿಸ್ತೀರ. ಆ ಮರದ ಬುಡ ಗೆವೆಲರದು, ಅದನ್ನ ಯಾವನೂ ಮುಟ್ಟಂಗಿಲ್ಲ ಅಂತ ನೀವೇ ಹೇಳಿ. ನಿಮ್ಮ ಬಾಯಲ್ಲಿ. ಬೀಗ್ರಿಗೆ, ಇಮಾಮ್ರಿಗೆ, ದೆಂಬಾಗೆ, ಎಲ್ರಿಗೂ ಕೇಳಂಗೆ.”

ಅಮಾರಿಯ ಕುತ್ತಿಗೆಯ ನರಗಳು ಒಂದೊಂದಾಗಿ ಎದ್ದವು. ಬಾಯಿ ತೆರೆದ. ಎಪ್ಪತ್ತು ವರ್ಷ ಎತ್ತದೆ ಇಟ್ಟಿದ್ದ ದನಿ. ಅದು ಹೇಗಿದೆ ಅಂತ ಅವನಿಗೂ ಗೊತ್ತಿರಲಿಲ್ಲ. “ಆ ಮರ…” ಅಂತ ಬಂದದ್ದು ಕೋಳಿ ಕತ್ತು ಹಿಸುಕಿದಾಗ ಬರುವಂಥ ಸೀಳು ಸದ್ದು. ಜನರ ನಡುವೆ ಯಾರೋ ನಕ್ಕರು. ಮಾವನ ಕಡೆಯವರು 'ಥೂ' ಎಂದು ಮುಖ ತಿರುಗಿಸಿದರು. ದೆಂಬಾ ಎರಡು ಹೆಜ್ಜೆ ಮುಂದೆ ಬಂದು, ಕಿವಿಗೆ ಕೈ ಆನಿಸಿಕೊಂಡು ನಿಂತ.

ಊರಾಚೆ ದೊಡ್ಡಮನೆಯಲ್ಲಿ ಹೆಸರಿಲ್ಲದ ಕೂಸು ಗಂಟಲು ಬಿಟ್ಟು ಅಳುತ್ತಿತ್ತು. ಎಷ್ಟು ಜೋರಾಗಿ ಅಂದರೆ ಅದು ಗೆವೆಲರ ಹಟ್ಟಿಗೂ ಸ್ಪಷ್ಟವಾಗಿ ಕೇಳಿಸುತ್ತಿತ್ತು.

ಮಾಪಾತೆ ಮೊಣಕಾಲನ್ನು ಇನ್ನೂ ಒತ್ತಿ ಹಿಡಿದೇ ಇದ್ದ.

“ಇನ್ನೂ ಜೋರಾಗಿ, ಬುದ್ದಿ,” ಅಂದ.